ಜಟ್ಟಿಂಗಪ್ಪನೂ ಅಳುವ ಕಿಟಕಿಯೂ

ಸೋರಿದ ನೀರನ್ನು ನಾಲಿಗೆಗೆ ಹಚ್ಚಿಕೊಂಡು, ಅದು ಎಲ್ಲಿಂದ ಬಂತು ಎಂದು ಹೇಳುವ ಗಾರೆ ಕೆಲಸದವನು ರಿಪ್ಪನ್‌ಪೇಟೆ ಸುತ್ತಿನಲ್ಲಿ ಜಟ್ಟಿಂಗಪ್ಪ ಒಬ್ಬನೇ. ಇನ್ನೊಬ್ಬ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೆಂಚಿನ ಸಂದಿಯಿಂದ ಬಂದ ನೀರಿಗೆ ಪಾಚಿಯ ರುಚಿ, ಅಡಿಗೆಮನೆ ಮಾಡಿನಿಂದ ಇಳಿದದ್ದಕ್ಕೆ ಹೊಗೆಯ ರುಚಿ, ಗೋಡೆ ಕುಡಿದು ಕಾರಿದ್ದಕ್ಕೆ ಸುಣ್ಣದ ರುಚಿ, ಕಿಟಕಿ ಸರಳಿನ ಬುಡದ್ದಕ್ಕೆ ತುಕ್ಕಿನ ರುಚಿ. ಇದು ಅವನ ಶಾಸ್ತ್ರ. ಆಗುಂಬೆಯ ಒಂದು ಮನೆಯಲ್ಲಿ ನೀರು ನೆಕ್ಕಿ, ಇದರಲ್ಲಿ ಬೆಕ್ಕಿದೆ ಎಂದನಂತೆ. ಹತ್ತಿ ನೋಡಿದರೆ ಬೆಕ್ಕೊಂದು ಹೆಂಚು ಸರಿಸಿ ಮೂಲೆಯಲ್ಲಿ ಮರಿ ಹಾಕಿತ್ತಂತೆ. ಈ ಕತೆ ಹೇಳಿದವನೂ ಜಟ್ಟಿಂಗಪ್ಪನೇ ಆದ್ದರಿಂದ, ನಂಬುವುದು ಬಿಡುವುದು ಕೇಳಿದವರ ಹಣೆಬರಹ.

ಅವನ ಅಪ್ಪ, ಅಜ್ಜ ಇಬ್ಬರೂ ಮಣ್ಣಿನ ಗೋಡೆ ಹಾಕಿದವರು. ಜಟ್ಟಿಂಗಪ್ಪ ಹತ್ತನೇ ವಯಸ್ಸಿಗೆ ಮಣ್ಣು ತುಳಿದ, ಹದಿನಾರಕ್ಕೆ ಗಾರೆ ಬಳಿಯುವ ಕರಣೆ ಹಿಡಿದ, ನಲವತ್ತೆಂಟು ತುಂಬುವ ತನಕ ಅದನ್ನು ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. ಗದ್ದೆ ಕೆಲಸಕ್ಕೆ ಸೊಂಟ ಬಾಗದು, ವ್ಯಾಪಾರಕ್ಕೆ ಬಾಯಿ ಒಗ್ಗದು. ಅವನಿಗಿದ್ದ ಒಂದೇ ಹೆಮ್ಮೆಯೆಂದರೆ ತಾನು ಕಟ್ಟಿದ ಗೋಡೆ ಇವತ್ತಿನ ತನಕ ಒಂದು ಹನಿ ನೀರನ್ನು ಒಳಗೆ ಬಿಟ್ಟಿಲ್ಲ ಎನ್ನುವುದು. ಹೆಂಡತಿ ಕನ್ನಮ್ಮನಿಗೆ ಮಾತ್ರ ಆ ನಾಲಿಗೆಯ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಗಂಡ ಸೊರ್ರನೆ ಉಂಡು ಏಳುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ!

ಇಂಥವನು ಅರವತ್ತೈದನೇ ಇಸವಿಯ ಬೇಸಿಗೆಯಲ್ಲಿ ಬೆಳ್ಳಪ್ಪನ ಮನೆ ಕಟ್ಟಿದ. ಬೆಳ್ಳಪ್ಪ ಮುಳುಗಡೆಯವನು. ಶರಾವತಿಗೆ ಅಣೆಕಟ್ಟು ಬಂದು ಅವನ ಊರು ಹಲಸಿನಸರ ನೀರಿನಡಿ ಹೋಗಿತ್ತು. ಊರಿನ ಇಪ್ಪತ್ತೆರಡು ಮನೆಯವರಲ್ಲಿ ಕೆಲವರು ಸಾಗರದ ಕಡೆ, ಕೆಲವರು ತೀರ್ಥಹಳ್ಳಿಯ ಕಡೆ, ಉಳಿದವರು ಹೊಸನಗರದ ಮೂಲೆಮೂಲೆಗೆ, ಕೈಯಿಂದ ಜಾರಿದ ಕಾಳಿನ ಹಾಗೆ ಚೆಲ್ಲಿಹೋಗಿದ್ದರು. ಬೆಳ್ಳಪ್ಪನಿಗೆ ರಿಪ್ಪನ್‌ಪೇಟೆಯ ಹೊರಗೆ, ರಸ್ತೆ ಬದಿಯ ಬೋಳು ದಿಬ್ಬದ ಮೇಲೆ ಜಾಗ ಸಿಕ್ಕಿತು, ಪೇಟೆಯಲ್ಲಿ ಬಸ್ ಏಜೆಂಟನ ಕೆಲಸ ಸಿಕ್ಕಿತು. ಸಿಗದೇ ಇದ್ದದ್ದೆಂದರೆ ಅವನ ತಾಯಿ ಕೆರಿಯಮ್ಮನ ಒಪ್ಪಿಗೆ. ಹಳೇ ಮನೆಯ ಕೆತ್ತನೆಯ ಕಿಟಕಿ ತನ್ನ ಜತೆ ಬರದಿದ್ದರೆ ತಾನೂ ಬರುವುದಿಲ್ಲ, ನೀರು ಬರುವ ತನಕ ಅಲ್ಲೇ ಕೂತಿರುತ್ತೇನೆ ಎಂದು ಮುದುಕಿ ಹಟ ಹಿಡಿದಳು. ಕಡೆಗೆ ಕಿಟಕಿಯನ್ನು ಚೌಕಟ್ಟು ಸಮೇತ ಕಿತ್ತು ಲಾರಿಗೆ ಹಾಕಿ, ಅದರ ಪಕ್ಕದಲ್ಲಿ ಮುದುಕಿಯನ್ನೂ ಕೂರಿಸಿ ತಂದರು.

ಕೆತ್ತನೆ ಚೆಂದವಿದೆ, ರಸ್ತೆಯಲ್ಲಿ ಹೋಗುವವರಿಗೂ ಕಾಣಲಿ ಎಂದು ಬೆಳ್ಳಪ್ಪ ಅದನ್ನು ನಡುಮನೆಯ ಪಡುವಣ ಗೋಡೆಗೆ ಕೂರಿಸಲು ಹೇಳಿದ. ಅದು ಅಡಿಗೆಮನೆ ಕಿಟಕಿ ಅಂತ ಕೆರಿಯಮ್ಮ ಒಂದು ಮಾತು ಹೇಳಿ ಸುಮ್ಮನಾದಳು. ಆ ಮಾತಿಗೆ ಯಾರೂ ಕಿವಿ ಕೊಡಲಿಲ್ಲ.

ಮನೆ ಒಕ್ಕಲಿನ ದಿನ ಊಟಕ್ಕೆ ಬಂದ ಒಬ್ಬರು, ಹೊಸ ಗೋಡೆಗೆ ಹಳೇ ಕಿಟಕಿ ಕೂರುವುದಿಲ್ಲ, ಮಳೆಗಾಲದಲ್ಲಿ ಸೋರುತ್ತದೆ ಎಂದು ಕೊಂಕು ತೆಗೆದರು. ಜಟ್ಟಿಂಗಪ್ಪ ಆಗತಾನೇ ಆರನೇ ಹೋಳಿಗೆ ಮುಗಿಸಿದ್ದ. ಎದ್ದು ಹೋಗಿ, ತೊಳೆಯದ ಕೈಯಲ್ಲೇ ಗೋಡೆಗೆ ತಟ್ಟಿ, ಈ ಗೋಡೆಯಿಂದ ಒಂದು ಹನಿ ಒಳಗೆ ಬಂದರೆ ಇನ್ನು ಜನ್ಮದಲ್ಲಿ ಕರಣೆ ಹಿಡಿಯುವುದಿಲ್ಲ ಎಂದು ದೇವರ ದೀಪದ ಎದುರು ಆಣೆ ಇಟ್ಟ. ಹೊಟ್ಟೆ ತುಂಬಿದ ಮೇಲೆ ಆಣೆ ಇಡಬಾರದು ಅಂತ ಹಿರಿಯರು ಒಂದು ಗಾದೆ ಮಾಡಿಡಬಹುದಿತ್ತು, ಮಾಡಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನ ಕಿಟಕಿ ಸೋರಿತು.

ಚೌಕಟ್ಟಿನ ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಹನಿ ಮೂಡುತ್ತಿತ್ತು, ಮರದ ಕೆತ್ತನೆಯಲ್ಲಿ ಸುತ್ತಿ ಬಳಸಿ ಇಳಿದು ನೆಲಕ್ಕೆ ಬೀಳುತ್ತಿತ್ತು. ಬೆಳಗಿನಿಂದ ಸಂಜೆಗೆ ಒಂದು ಕುಡಿಕೆ ತುಂಬುತ್ತಿತ್ತು. ಬೆಳ್ಳಪ್ಪ ಜಗಳಗಂಟನಲ್ಲ. ಬಂದು ನೋಡಿ ಹೋಗು ಜಟ್ಟಿಂಗಣ್ಣ ಎಂದಷ್ಟೇ ಹೇಳಿದ. ಆದರೆ ಆಣೆಯನ್ನು ಅವನು ಮರೆತಿಲ್ಲ ಎಂಬುದು ಅವನು ಕಣ್ಣು ತಪ್ಪಿಸಿದ ರೀತಿಯಲ್ಲೇ ತಿಳಿಯುತ್ತಿತ್ತು.

ಜಟ್ಟಿಂಗಪ್ಪ ಬಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನೂ ಮೊದಲು ಬಡಗಿಯನ್ನು ಬೈದ. ಆಮೇಲೆ ಬೆರಳಿಗೆ ಒಂದು ಹನಿ ತಾಗಿಸಿ ನಾಲಿಗೆಗಿಟ್ಟ. ಕಣ್ಣು ಮುಚ್ಚಿದ, ತೆರೆದ, ಮತ್ತೊಂದು ಹನಿ ತೆಗೆದುಕೊಂಡ. ಪಾಚಿಯಿಲ್ಲ, ಹೊಗೆಯಿಲ್ಲ, ಸುಣ್ಣವೂ ಇಲ್ಲ. ಮೂವತ್ತೆರಡು ವರ್ಷದ ಶಾಸ್ತ್ರದಲ್ಲಿ ಇಲ್ಲದ ರುಚಿ.

"ಉಪ್ಪು" ಅಂದ. "ಜತೀಗೆ ಒಂಚೂರು ಕಹಿ."

ಆಕಾಶದಿಂದ ಉಪ್ಪುನೀರು ಸುರಿದದ್ದನ್ನು ಯಾರೂ ಕೇಳಿರಲಿಲ್ಲ. ಒಲೆ ಕಡೆಯಿಂದ ಬಂದು ನಿಂತಿದ್ದ ಕೆರಿಯಮ್ಮ ಕಿಟಕಿಯನ್ನೇ ನೋಡಿದಳು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕುವವಳ ಹಾಗೆ ತುಟಿ ಕಚ್ಚಿದಳು. ಆಮೇಲೆ, ಅದು ಅಳುತ್ತಿದೆ, ಊರು ನೆನೆಸಿಕೊಂಡು ಅಳುತ್ತಿದೆ ಎಂದಳು. ಕಹಿ ಯಾಕೆ ಎಂದು ಬೆಳ್ಳಪ್ಪ ಕೇಳಿದ್ದಕ್ಕೆ, ಊರು ಕಳೆದುಕೊಂಡವರ ಕಣ್ಣೀರು ಸಿಹಿ ಇರುತ್ತದಾ ಎಂದು ಕೇಳಿದಳು. ಕಿಟಕಿ ಅಳುವುದಾದರೆ ಗೋಡೆಯ ತಪ್ಪೇನು? ಜಟ್ಟಿಂಗಪ್ಪ ಅವತ್ತು ಹಗುರಾಗಿ ಮನೆಗೆ ಹೋದ. ಕನ್ನಮ್ಮ ಎಲ್ಲ ಕೇಳಿ, ಮರ ಅಳುವುದಾದರೆ ನಮ್ಮ ಮನೆಯ ಒನಕೆ ಯಾವತ್ತೋ ಬಾಯಿ ಬಡಿದುಕೊಳ್ಳಬೇಕಿತ್ತು ಎಂದಳು.

ರಿಪ್ಪನ್‌ಪೇಟೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನಕ್ಕೆ ಸಾಗರ, ಸಂಜೆಗೆ ತೀರ್ಥಹಳ್ಳಿ ಮುಟ್ಟುತ್ತದೆ. ಮುಂದಿನ ಸೋಮವಾರ, ಎತ್ತು ಹೂಡದ ದಿನ, ಹಲಸಿನಸರದ ಗುತ್ಯಮ್ಮ ತೀರ್ಥಹಳ್ಳಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದು ಇಳಿದಳು. ಅವಳು ಕೆರಿಯಮ್ಮನ ಹಳೇ ನೆರೆಮನೆಯವಳು. ಕಿಟಕಿಗೆ ಕೈ ಮುಗಿದಳು, ಒಂದು ಹನಿಯನ್ನು ತೀರ್ಥದ ಹಾಗೆ ಅಂಗೈಗೆ ಹಿಡಿದು ಬಾಯಿಗೆ ಬಿಟ್ಟುಕೊಂಡಳು, ಕೆರಿಯಮ್ಮನ ಮುಖ ನೋಡಿದಳು. ಆಮೇಲೆ ಕಿಟಕಿಯ ಕೆಳಗೆ ಕೂತು ಎಲೆಯಡಿಕೆ ಹಾಕಿದಳು. ಇಬ್ಬರೂ ಸಂಜೆಯ ಬಸ್ಸಿನ ತನಕ ಮಾತಾಡಿದರು. ಅದರ ಮುಂದಿನ ಸೋಮವಾರ ಐದು ಜನ ಬಂದರು, ಆಮೇಲೆ ಹದಿನಾಲ್ಕು. ಒಬ್ಬ ಗಂಡಸು ಕಿಟಕಿಗೆ ಕೋಳಿ ಹರಕೆ ಹೊತ್ತ. ಬಸ್ ನಿಲ್ದಾಣದಲ್ಲಿ ಬೆಳ್ಳಪ್ಪನನ್ನು ಕಂಡವರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದನ್ನು ಬಿಟ್ಟು, ಕಿಟಕಿ ಹೇಗಿದೆ, ನಿನ್ನೆ ನಿದ್ದೆ ಮಾಡಿತಾ ಎಂದು ಕೇಳತೊಡಗಿದರು. ಬಂದವರಿಗೆಲ್ಲ ಗಂಜಿ ಬೇಯಿಸಿ ಮನೆಯ ಅಕ್ಕಿ ಉಪ್ಪು ಎಲ್ಲ ಬರಿದಾಗುತ್ತಿದೆ ಎಂದು ಅವನ ಗೋಳು ಬೇರೆ.

ಅವನಿಗೆ ಸಹಿಸಿ ಸಾಕಾಯಿತು. ಎಲ್ಲೋ ಓವರ್ಸಿಯರ್ ಆಗಿದ್ದು ನಿವೃತ್ತಿಯಾಗಿ ಹೊಸನಗರದಲ್ಲಿದ್ದ ಹೇರಂಬರಾಯರನ್ನು ಕರೆತಂದ. ರಾಯರು ಕೊಡೆಯ ತುದಿಯಿಂದ ಗೋಡೆಗೆ ನಾಲ್ಕು ಸಲ ಕುಟ್ಟಿ, ಇದು ಕ್ಯಾಪಿಲರಿ ಎಂದರು. ದೀಪದ ಬತ್ತಿ ಎಣ್ಣೆಯನ್ನು ಮೇಲೆ ಎಳೆಯುವಂತೆ ಗೋಡೆ ನೆಲದ ನೀರನ್ನು ಎಳೆದು ಕಿಟಕಿಯ ನೆತ್ತಿಗೆ ಮುಟ್ಟಿಸುತ್ತಿದೆ, ಎಂದರೆ ಗಾರೆ ಕೆಟ್ಟದ್ದು, ಎಂದರೆ ಮೇಸ್ತ್ರಿ ಕೆಟ್ಟವನು. ನೆತ್ತಿಗೆ ಮುಟ್ಟಿದ ನೀರು ಕೆಳಗಿನ ಗೋಡೆಯನ್ನು ಒದ್ದೆ ಮಾಡದೆ ಹೇಗೆ ಹೋಯಿತು ಎಂದು ಜಟ್ಟಿಂಗಪ್ಪ ಕೇಳಿದ. ಅದೇ ಕ್ಯಾಪಿಲರಿಯ ವಿಶೇಷ ಎಂದರು ರಾಯರು. ಚೌತಿಗೆ ಮುಂಚಿನ ಸೋಮವಾರ ತಾವೇ ನಿಂತು ಕಿಟಕಿಯ ಮೇಲಿನ ಗೋಡೆ ಒಡೆಸುವುದು, ಒಳಗೆ ಒದ್ದೆ ಕಂಡರೆ ಜಟ್ಟಿಂಗಪ್ಪ ಆಣೆ ಪಾಲಿಸುವುದು ಎಂದು ತೀರ್ಮಾನವಾಯಿತು.

ಈಗ ಜಟ್ಟಿಂಗಪ್ಪನಿಗೆ ನಿಜವಾಗಿ ಹೆದರಿಕೆ ಹತ್ತಿತು. ಕಣ್ಣೀರು ಗಿಣ್ಣೀರು ಎಲ್ಲ ಕೇಳಲು ಚೆಂದ, ಉಳಿಯ ಎದುರು ನಿಲ್ಲುವ ಮಾತಲ್ಲ. ಅವನು ಹಟಕ್ಕೆ ಬಿದ್ದ. ಒಂದು ಭಾನುವಾರ ಮಳೆ ತಡೆಯುವ ಗೊರಬು ಹಾಕಿಕೊಂಡು ಹೊರಗಿನಿಂದ ಪರೀಕ್ಷೆ ಶುರು ಮಾಡಿದ. ಕಿಟಕಿಯ ಮೇಲಿನ ಹೆಂಚಿನ ಸಂದಿಗೆಲ್ಲ ಅರಿಸಿನ ತುಂಬಿದ. ಚೌಕಟ್ಟಿನ ಸುತ್ತ ಗೋಡೆ ಸೇರುವಲ್ಲಿ ಕುಂಕುಮ ಒತ್ತಿದ. ಕಿಟಕಿಯ ಕೆಳಗಿನ ಹಾಸುಗಲ್ಲಿಗೆ, ಬಟ್ಟೆಗೆ ಹಾಕುವ ನೀಲಿ ಬಳಿದ. ಒಳಗೆ ಬರುವ ಹನಿ ಯಾವ ಬಣ್ಣದ್ದೋ, ತೂತು ಅಲ್ಲಿಯದು. ಕನ್ನಮ್ಮನ ಅರಿಸಿನದ ಡಬ್ಬಿ ಬರಿದಾದದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಆ ದಿನ ಸುರಿದ ಮಳೆಗೆ ಹೊರಗಿನ ಗೋಡೆಯ ಮೇಲೆ ಬಣ್ಣದ ಹೊಳೆಯೇ ಹರಿಯಿತು. ಒಳಗಿನ ಹನಿ ಮಾತ್ರ ಕನ್ನಡಿಯಂತೆ ತಿಳಿಯಾಗಿ ಬಿತ್ತು. ಮಾರನೇ ದಿನ ಸೋಮವಾರ. ದಿಬ್ಬ ಹತ್ತಿ ಬಂದ ಜನರಿಗೆ ಅರಿಸಿನ ಕುಂಕುಮ ಬಳಿದುಕೊಂಡ ಗೋಡೆ ಕಂಡಿತು. ಅವರು ಹೊರಗೇ ಅಡ್ಡಬಿದ್ದು, ಪೂಜೆ ಯಾರದು ಎಂದು ಕೇಳಿದರು. ಮೇಸ್ತ್ರಿಯದು ಎಂದು ತಿಳಿದು ಇಬ್ಬರು ಮುದುಕಿಯರು ಜಟ್ಟಿಂಗಪ್ಪನ ಕಾಲಿಗೂ ಎರಗಿದರು. ಅವನು ಹಿಂದೆ ಹಿಂದೆ ಸರಿದು ಬಚ್ಚಲ ಹಂಡೆಗೆ ಒರಗಿ ಕೈ ಸುಟ್ಟುಕೊಂಡ.

ಸುಟ್ಟ ಕೈಗೆ ಜೇನುತುಪ್ಪ ಹಚ್ಚಿಕೊಂಡು ಕೂತಾಗ ಅವನಿಗೆ ಹೊಳೆಯಿತು. ಬಣ್ಣ ಒಳಗೆ ಬಂದಿಲ್ಲ ಎಂದರೆ ನೀರು ಹೊರಗಿನದೇ ಅಲ್ಲ. ಒಳಗಿನ ನೀರು ಒಳಗೇ ಸೋರಬೇಕಾದರೆ ಅದು ಅಟ್ಟದಿಂದ ಬರಬೇಕು. ಆದರೆ ಅಟ್ಟ ಹತ್ತುತ್ತೇನೆ ಎಂದರೆ ಕೆರಿಯಮ್ಮ ಬಿಡಲೊಲ್ಲಳು. ಅಲ್ಲಿ ಸತ್ತ ಹಿರಿಯರ ಪೂಜೆಯ ಬುಟ್ಟಿ ಇದೆ, ಮನೆಯವರಲ್ಲದವರು ಹತ್ತಬಾರದು ಎಂದು ಏಣಿಯ ಬುಡದಲ್ಲೇ ಚಾಪೆ ಹಾಸಿಕೊಂಡಿದ್ದಳು. ಅಳಿದ ಊರಿನ ಹಿರಿಯರನ್ನು ಎದುರು ಹಾಕಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಗೋಡೆ ಒಡೆಯುವ ದಿನದ ಹಿಂದಿನ ಭಾನುವಾರ ಆ ಧೈರ್ಯವೂ ಬಂತು. ಬೆಳ್ಳಪ್ಪ ಪೇಟೆಗೆ ಹೋಗಿದ್ದ, ಮುದುಕಿ ಸ್ನಾನಕ್ಕೆ ಹೋಗಿದ್ದಳು. ಜಟ್ಟಿಂಗಪ್ಪ ಹಿರಿಯರಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು ಏಣಿ ಹತ್ತಿದ.

ಕಿಟಕಿಯ ನೇರ ಮೇಲೆ, ಗೋಡೆಗೆ ಒತ್ತಿ, ಎರಡು ಮಾರು ಉದ್ದದ ಹಳೇ ಮರಿಗೆ ಇತ್ತು. ಒಂದೇ ಮರ ತೋಡಿ ಮಾಡಿದ್ದು. ಒಳಗೆ ಮಳೆಗಾಲಕ್ಕೆಂದು ಕೂಡಿಟ್ಟ ಕಲ್ಲುಪ್ಪು. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ, ಇಲ್ಲಿ ಉಪ್ಪೇ ನೀರು ಕುಡಿದಿತ್ತು. ಎರಡು ತಿಂಗಳ ಮಂಜು ಮಳೆಯ ಥಂಡಿಯನ್ನೆಲ್ಲ ಹೀರಿ, ಕಲ್ಲುಪ್ಪಿನ ಕಹಿಯ ಸಮೇತ ಕರಗಿ, ಮರಿಗೆಯ ಬಿರುಕಿನಿಂದ ಹಲಗೆಗೆ, ಹಲಗೆಯಿಂದ ಚೌಕಟ್ಟಿನ ನೆತ್ತಿಗೆ ತೊಟ್ಟಿಕ್ಕುತ್ತಿತ್ತು. ಜಟ್ಟಿಂಗಪ್ಪ ಗೋಡೆಯ ಕಲ್ಲನ್ನು ಮುಟ್ಟಿ ನೋಡಿದ. ಒಣಗಿತ್ತು, ಅವನ ಅಪ್ಪನ ಮಾತಿನ ಹಾಗೆ ಗಟ್ಟಿಯಾಗಿತ್ತು. ಅವನಿಗೆ ಅಲ್ಲೇ ಕೂತು ನಗಬೇಕು ಅನ್ನಿಸಿತು, ಅಳು ಬಂತು. ಕರಣೆ ಉಳಿಯಿತು.

ಇಳಿದು ಬಂದರೆ ಏಣಿಯ ಬುಡದಲ್ಲಿ ಕೆರಿಯಮ್ಮ ಒದ್ದೆ ತಲೆಯಲ್ಲಿ ನಿಂತಿದ್ದಳು.

"ಕಂಡ್ಯಾ?"

"ಕಂಡೆ ಅಮ್ಮ. ಉಪ್ಪು."

ಅವಳು ಚಾಪೆಯ ಮೇಲೆ ಕೂತಳು. ಹಲಸಿನಸರದಲ್ಲಿ ಈ ಕಿಟಕಿ ಒಲೆಯ ಪಕ್ಕ ಇತ್ತಂತೆ, ಅದರ ಮೇಲೆ ಅಟ್ಟದಲ್ಲಿ ಉಪ್ಪಿನ ಮರಿಗೆ. ಕೆಳಗೆ ವರ್ಷವಿಡೀ ಬೆಂಕಿ ಉರಿಯುವುದರಿಂದ ಎಂಥ ಮಳೆಗಾಲದಲ್ಲೂ ಉಪ್ಪು ಹರಳಿನ ಹಾಗೇ ಇರುತ್ತಿತ್ತು. ಅವಳು ಸೊಸೆಯಾಗಿ ಬಂದ ದಿನ ಅತ್ತೆ ಹೇಳಿಕೊಟ್ಟಿದ್ದು ಉಪ್ಪಿನ ಜಾಗ ಕಿಟಕಿಯ ಮೇಲೆ ಎಂದೇ ಹೊರತು ಒಲೆಯ ಮೇಲೆ ಎಂದಲ್ಲ. ಹೊಸ ಮನೆಗೆ ಬಂದಾಗ ಹೆಚ್ಚು ಯೋಚಿಸದೆ ಆಳುಗಳ ಕೈಲಿ ಮರಿಗೆಯನ್ನು ಅದರ ಜಾಗಕ್ಕೇ ಹಾಕಿಸಿದ್ದಳು. ಕಿಟಕಿ ನಡುಮನೆಗೆ ಬಂದಿತ್ತು, ಒಲೆ ಬಂದಿರಲಿಲ್ಲ.

"ನೀ ಉಪ್ಪು ಅಂದ ಕೂಡ್ಲೆ ನಂಗೆ ಗೊತ್ತಾತು ತಮಾ" ಅಂದಳು. "ಬಾಯಿಗೆ ಬಂದದ್ದು ಅಂದೆ, ನಾಚಿಕೆಗೆ. ಮರಿಗೆ ತೆಗ್ಸಾಣ ಅಂತಿದ್ದೆ, ಅಷ್ಟ್ರೊಳಗೆ ಗುತ್ಯಮ್ಮ ಬಂದ್ಲು. ಎರಡು ವರ್ಷ ಆಗಿತ್ತು ಅವಳ ಮುಖ ನೋಡ್ದೆ. ಕಿಟಕಿ ಸೋರದು ನಿಂತ್ರೆ ಆ ಜನ ಮತ್ತೆ ಯಾಕೆ ಬರ್ತಾರೆ? ಮೊನ್ನೆ ಉಪ್ಪು ಕರಗ್ತಾ ಬಂತು ಅಂತ ಎರಡು ಸೇರು ನಾನೇ ಹತ್ತಿ ಸುರ್ದೆ."

ಜಟ್ಟಿಂಗಪ್ಪ ತನ್ನ ಕರಣೆಯ ಗತಿಯೇನು ಎಂದು ಕೇಳಿದ. ಅವಳು ಒದ್ದೆ ಕೂದಲನ್ನು ಹಿಂಡಿ ಗಂಟು ಹಾಕಿಕೊಂಡಳು. ಆಮೇಲೆ, ನಿಂಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು, ನಾನು ಬೇಡ ಅನ್ನುವುದಿಲ್ಲ ಎಂದಳು. ಬೇಡ ಎಂದು ಗೋಗರೆದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಸಿಟ್ಟು ಮಾಡಿಕೊಂಡು ನಿಜ ಹೇಳಿಬಿಡಬಹುದಿತ್ತು. ಹಾಳು ಮುದುಕಿ ಸಿಟ್ಟಿಗೂ ದಾರಿ ಬಿಡಲಿಲ್ಲ.

ಮನೆಯಲ್ಲಿ ಅವನು ಕರಣೆಯನ್ನು ಎಣ್ಣೆ ಹಚ್ಚಿ ಒರೆಸಿದ. ಒಂದು ಮಾತು, ಉಪ್ಪು ಅನ್ನುವ ಎರಡಕ್ಷರ, ಹೇಳಿದರೆ ಎಲ್ಲ ಮುಗಿಯುತ್ತದೆ. ರಾಯರ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ಅವನಿಗೆ ಸುಖವಾಯಿತು. ಅದರ ಹಿಂದೆಯೇ ಖಾಲಿ ನಡುಮನೆಯಲ್ಲಿ ಒಬ್ಬಳೇ ಕೂತ ಕೆರಿಯಮ್ಮ ಕಣ್ಣ ಮುಂದೆ ಬಂದಳು, ಸುಖ ಹಾರಿಹೋಯಿತು. ಏನಾಯಿತು ಎಂದು ಕನ್ನಮ್ಮ ಮೂರು ಸಲ ಕೇಳಿದಳು. ಅವನು ಜೀವಮಾನದಲ್ಲಿ ಮೊದಲ ಸಲ ಹೆಂಡತಿಗೆ ಏನೂ ಹೇಳಲಿಲ್ಲ.

ಸೋಮವಾರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರು ತಾಲ್ಲೂಕಿನಿಂದ ಹಲಸಿನಸರದವರು ಬಂದಿದ್ದರು, ಇಪ್ಪತ್ತೆರಡು ಮನೆಯಲ್ಲಿ ಹತ್ತೊಂಬತ್ತು ಮನೆಯವರು. ಉಳಿದ ಮೂರು ಮನೆಯವರ ಯೋಗಕ್ಷೇಮ ಯಾರಿಗೂ ಗೊತ್ತಿರಲಿಲ್ಲ, ಅದನ್ನೇ ಮಾತಾಡಿಕೊಳ್ಳುತ್ತಿದ್ದರು. ರಾಯರು ಉಳಿ ಸುತ್ತಿಗೆಯ ಆಳನ್ನು ಜತೆಗೆ ತಂದಿದ್ದರು. ಆಳು ಉಳಿಯನ್ನು ಗೋಡೆಗೆ ಇಟ್ಟಾಗ ಜಟ್ಟಿಂಗಪ್ಪ ಮುಂದೆ ಬಂದು ಅವನ ಕೈ ಹಿಡಿದ.

"ಒಡೆಯೋದು ಬ್ಯಾಡ. ತಪ್ಪು ನಂದೇ. ಕಲ್ಲಿಗೆ ನೀರು ಕುಡಿಸ್ದೆ ಗಾರೆ ಹಚ್ಚಿದ್ದೆ. ದೀಪಾವಳಿ ಹೊತ್ತಿಗೆ ತಾನೇ ನಿಲ್ತದೆ."

ಒಣ ಕಲ್ಲಿಗೆ ಗಾರೆ ಹಚ್ಚಿದವನು ಎನ್ನುವುದಕ್ಕಿಂತ ಹೊಲಸು ಬೈಗುಳ ಗಾರೆ ಕೆಲಸದವನಿಗೆ ಇಲ್ಲ. ಆ ಬೈಗುಳವನ್ನು ಅವನು ತನಗೆ ತಾನೇ ಬೈದುಕೊಂಡು, ಸೊಂಟದಿಂದ ಕರಣೆ ತೆಗೆದು ಕಿಟಕಿಯ ಹಾಸಿನ ಮೇಲಿಟ್ಟ. ರಾಯರು ಕ್ಯಾಪಿಲರಿ ಎಂದು ಶುರು ಮಾಡಿದರು. ಕೆರಿಯಮ್ಮ ಎದ್ದು ನಿಂತು ಬಾಯಿ ತೆರೆದಳು. ಅವಳಿಗಿಂತ ಮೊದಲು ಗುತ್ಯಮ್ಮ ಮಾತಾಡಿದಳು.

"ಎತ್ಕಳಾ ಮಾರಾಯ ಅದನ್ನ. ಇದು ಉಪ್ಪಿನ ಮರಿಗೆ ನೀರು. ಮೊದ್ಲನೇ ದಿನ ನಾಲಿಗೆ ಮೇಲೆ ಬಿಟ್ಕಂಡಾಗ್ಲೇ ತಿಳೀತು ನಂಗೆ. ಐವತ್ತು ಮಳೆಗಾಲ ಉಪ್ಪು ತೋಡ್ದವ್ಳಿಗೆ ಅಷ್ಟೂ ತಿಳಿಯಲ್ವಾ?"

ಜಟ್ಟಿಂಗಪ್ಪ ಸುತ್ತ ನೋಡಿದ. ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದರು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಒಬ್ಬಳಿಗೆ ಎರಡನೇ ಸೋಮವಾರವೇ ಗೊತ್ತಾಗಿತ್ತು, ಇನ್ನೊಬ್ಬಳಿಗೆ ಬಾಗಿಲಲ್ಲಿ ವಾಸನೆಗೇ ಗೊತ್ತಾಗಿತ್ತು. ಕೆರಿಯಮ್ಮನಿಗೆ ಗೊತ್ತಿಲ್ಲ, ಹೇಳಿದರೆ ಮರಿಗೆ ತೆಗೆಸಿಬಿಡುತ್ತಾಳೆ ಎಂದು ಅವರು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು. ಅವರಿಗೆ ಗೊತ್ತಿಲ್ಲ ಎಂದು ಕೆರಿಯಮ್ಮ ಮುಚ್ಚಿಕೊಂಡಿದ್ದಳು. ಕಿಟಕಿಗೆ ಕೋಳಿ ಹರಕೆ ಹೊತ್ತವನು ಹೆಂಡತಿಯ ಕಡೆ ನೋಡಿದ, ಅವಳು ಸೆರಗು ಸರಿಮಾಡಿಕೊಂಡಳು. ಜಟ್ಟಿಂಗಪ್ಪನಿಗೆ ಕರಣೆ ವಾಪಸು ಬಂದ ಸಂತೋಷದಷ್ಟೇ ಹೊಟ್ಟೆಯುರಿಯೂ ಆಯಿತು. ಇಡೀ ಸೀಮೆಗೆ ಹೆಸರಾದ ನಾಲಿಗೆ ಅವನದು, ಆದರೆ ಮನೆಯಲ್ಲಿ ಒಂದು ದಿನವೂ ಅವನು ಮರಿಗೆಗೆ ಕೈ ಹಾಕಿ ಉಪ್ಪು ತೆಗೆದವನಲ್ಲ.

ಬೆಳ್ಳಪ್ಪನಿಗೆ ಮಾತ್ರ ಒಂದು ವಿಷಯ ಅರ್ಥವಾಗಲಿಲ್ಲ. "ಹಂಗಾದ್ರೆ ನೀವೆಲ್ಲ ಇಷ್ಟು ದಿನ ಎಂತಕ್ಕೆ ಬರ್ತಿದ್ರಿ?" ಎಂದು ಕೇಳಿದ.

ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ಸಣ್ಣವನಿದ್ದಾಗ ಎತ್ತಿ ಆಡಿಸಿದವರು, ಅವನ ಅಪ್ಪನ ಹೆಣ ಹೊತ್ತವರು, ಬೇಲಿಯ ವಿಷಯಕ್ಕೆ ಅವನ ಜತೆ ಜಗಳವಾಡಿದವರು. ಗುತ್ಯಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಮರಿಗೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೆರಿಯಮ್ಮನನ್ನು ಕೇಳಿದಳು. ಹೆಚ್ಚೆಂದರೆ ಇನ್ನೊಂದು ಸೋಮವಾರಕ್ಕೆ ಬರಬಹುದು ಎಂದಳು ಅವಳು.

ಬೆಳ್ಳಪ್ಪ ಗೂಟದಿಂದ ಕೊಡೆ ತೆಗೆದುಕೊಂಡು ಹೊರಗೆ ಹೋದ. ಸಿಟ್ಟಾದ ಎಂದು ಎಲ್ಲರೂ ತಿಳಿದರು. ರಾಯರು ಕಾಫಿ ಕುಡಿದು, ಆದರೂ ಕ್ಯಾಪಿಲರಿ ಇದ್ದೇ ಇದೆ ಎಂದು ಹೇಳಿ ಹೊರಟರು. ಜನ ಗಂಜಿಗೆ ಕೂತಿದ್ದಾಗ ಬೆಳ್ಳಪ್ಪ ರಿಪ್ಪನ್‌ಪೇಟೆಯಿಂದ ವಾಪಸು ಬಂದ. ತಾನು ಪೂರ್ತಿ ನೆನೆದಿದ್ದ, ಕೊಡೆಯನ್ನು ತಲೆಯ ಮೇಲಿನ ಉಪ್ಪಿನ ಮೂಟೆಗೆ ಹಿಡಿದಿದ್ದ. ಯಾರ ಮುಖವನ್ನೂ ನೋಡದೆ ಅದನ್ನು ಏಣಿಯ ಬುಡಕ್ಕೆ ಇಳಿಸಿದ. ಜಟ್ಟಿಂಗಪ್ಪ ಉಣ್ಣುವುದನ್ನು ಬಿಟ್ಟು, ಕೈ ತೊಳೆದು ಬಂದು ಮೂಟೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಏಣಿ ಹತ್ತಿದರು.